ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ಮಸುಕು: ಹಳೆ ಟೇಬಲ್ ಪ್ರೆಸ್ಸನ್ನು ಸರಿಹೊಂದಿಸುವುದು ಹೇಗೆ

ಹಳೆ ಅಚ್ಚಿನ ಕೈಪ್ರೆಸ್ಸೊಂದನ್ನು ಮನೆಗೆ ತಂದ ಮೊದಲ ಸಂಜೆ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಚ್ಚಿನ ಎಡಗಡೆ ಕಪ್ಪಗೆ ಬಂತು. ಬಲಗಡೆ ಅರ್ಧಂಬರ್ಧ. ಮೆಷಿನ್ ಹಿಂದೆ ನಾಲ್ಕು ತಿರುಪು ಕಂಡವು. ಇದಕ್ಕೇ ಇಟ್ಟಿರುವುದು ಅಂದುಕೊಂಡು ಸ್ಪ್ಯಾನರ್ ತಗೊಂಡು ಒಂದೊಂದನ್ನೂ ಮನಸ್ಸಿಗೆ ಬಂದಷ್ಟು ತಿರುಗಿಸಿದೆ. ಮುಂದಿನ ಎಳೆತಕ್ಕೆ ‘ಕಟಕ್’ ಅಂತ ಸದ್ದು. ಆರು ಮೊಳೆಗಳ, ಅಂದರೆ ಅಕ್ಷರದ ಅಚ್ಚಿನ ಲೋಹದ ತುಂಡುಗಳ, ಮುಖ ಚಪ್ಪಟೆ.

ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಹಿರಿಯರೊಬ್ಬರನ್ನು ಮಾರನೇ ದಿನ ಕರೆದುಕೊಂಡು ಬಂದೆ. ಅವರು ತಿರುಪಿನ ಕಡೆ ನೋಡಲೂ ಇಲ್ಲ. ಮೊಳೆ ಕೂರಿಸುವ ಚೌಕಟ್ಟು, ಅಂದರೆ ಚೇಸ್, ತೆಗೆದರು. ಅದರ ಹಿಂದಿನ ಬೆಡ್ ಮೇಲೆ ಬೆರಳು ಆಡಿಸಿದರು. ಎಡಮೂಲೆಯಲ್ಲಿ ಬೆರಳು ನಿಂತಿತು. ಉಗುರಿನಿಂದ ಕೆರೆದು ನನ್ನ ಅಂಗೈಗೆ ಹಾಕಿದರು. ಒಣಗಿದ ಶಾಯಿಯ ಒಂದು ಹೆಕ್ಕಳೆ, ಅಕ್ಕಿ ಕಾಳಿನಷ್ಟೂ ಇರಲಿಲ್ಲ. “ಇಷ್ಟಕ್ಕೆ ನಾಲ್ಕೂ ತಿರುಪು ಕೆಡಿಸಿದ್ಯಲ್ಲೋ ಮಾರಾಯ” ಅಂದರು. ಆ ತಿರುಪುಗಳನ್ನು ಮತ್ತೆ ಸರಿ ಮಾಡಲು ನಮಗೆ ಎರಡು ದಿನ ಹಿಡಿಯಿತು.

ಹಾಗಾಗಿ ಈ ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗ ತಿರುಪು ಮುಟ್ಟುವುದಕ್ಕೆ ಮುಂಚೆ ಏನು ನೋಡಬೇಕು ಅನ್ನುವುದರ ಬಗ್ಗೆಯೇ ಇದೆ. ತಿರುಪಿಗೆ ಕೈ ಹಾಕುವುದು ಕೊನೆಗೆ.

ಯಾವ ಮೆಷಿನ್, ಯಾವ ಭಾಗ

ನಾನು ಹೇಳುತ್ತಿರುವುದು ಮೇಜಿನ ಮೇಲೆ ಕೂರುವ, ಕೈಯಿಂದ ಹಿಡಿ ಎಳೆದು ಒತ್ತುವ ಸಣ್ಣ ಪ್ರೆಸ್ಸುಗಳ ಬಗ್ಗೆ. ಇಂಗ್ಲೆಂಡಿನ ಟ್ವಿಕನ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಅಡಾನಾ ಎಯ್ಟ್-ಫೈವ್, ಅಮೆರಿಕದ ಕನೆಕ್ಟಿಕಟ್‌ನ ಮೆರಿಡೆನ್ ಊರಿನ ಕೆಲ್ಸಿ ಎಕ್ಸೆಲ್ಸಿಯರ್, ಕ್ಲೀವ್‌ಲ್ಯಾಂಡಿನ ಚಾಂಡ್ಲರ್ ಅಂಡ್ ಪ್ರೈಸ್ ಕಂಪನಿಯ ಪೈಲಟ್, ಇವೆಲ್ಲ ಆ ಜಾತಿಯವು. ಎಯ್ಟ್-ಫೈವ್ ಅನ್ನುವ ಹೆಸರೇ ಅಚ್ಚಿನ ಅಳತೆ: 8 ಇಂಚು, 5 ಇಂಚು. ನಮ್ಮೂರುಗಳಲ್ಲಿ ಮದುವೆ ಕರೆಯೋಲೆ, ಕರಪತ್ರ, ಬಿಲ್ ಬುಕ್ ಹೊಡೆಯುತ್ತಿದ್ದ ಟ್ರೆಡಲ್ ಮೆಷಿನ್ ಇವುಗಳ ದೊಡ್ಡಣ್ಣ. ಗಾತ್ರ ಬೇರೆ, ತತ್ವ ಒಂದೇ. ಕಪ್ಪೆಚಿಪ್ಪಿನ ಹಾಗೆ ಬಾಯಿ ತೆರೆದು ಮುಚ್ಚುವುದು.

ಮುಂದೆ ಬರುವ ಹೆಸರುಗಳು ಇವು. ಮೊಳೆ ಕೂರುವ ಕಬ್ಬಿಣದ ಚೌಕಟ್ಟು ಚೇಸ್. ಚೇಸ್ ಆತುಕೊಳ್ಳುವ ನಿಂತ ಭಾಗ ಬೆಡ್. ಕಾಗದ ಹೊತ್ತುಕೊಂಡು ಬಂದು ಒತ್ತುವ ಹಲಗೆ ಪ್ಲೇಟನ್. ಪ್ಲೇಟನ್ ಮೇಲೆ ಬಿಗಿಯಾಗಿ ಹೊದಿಸಿದ ಗಟ್ಟಿ ಕಾಗದ ಟಿಂಪನ್, ಅದರ ಅಡಿ ಇಡುವ ತಾವುಗಳು ಪ್ಯಾಕಿಂಗ್. ಚೇಸ್ ಒಳಗೆ ಮೊಳೆಯ ಸುತ್ತ ತುಂಬುವ ಮರದ ತುಂಡು ಫರ್ನಿಚರ್. ಎಲ್ಲವನ್ನೂ ಬಿಗಿಯುವ ಬೆಣೆ ಕ್ವಾಯ್ನ್.

ಒಂದು ಅಳತೆ ಮಾತ್ರ ನೆನಪಿರಲಿ. ಇಂಗ್ಲಿಷ್-ಅಮೆರಿಕನ್ ಪದ್ಧತಿಯಲ್ಲಿ ಮೊಳೆಯ ಎತ್ತರ 0.918 ಇಂಚು, ಅಂದರೆ ಸುಮಾರು 23.32 ಮಿಲಿಮೀಟರ್. ಶಾಯಿ ಹಚ್ಚುವ ರೋಲರ್, ಪ್ಲೇಟನ್, ಚಿತ್ರದ ಬ್ಲಾಕ್ ಎಲ್ಲವೂ ಈ ಎತ್ತರವನ್ನೇ ನಂಬಿಕೊಂಡಿರುತ್ತವೆ. ಆಫೀಸಿನಲ್ಲಿ ಪ್ರಿಂಟ್ ತೆಗೆಯುವ ಕಾಗದದ ಒಂದು ತಾವು ಹೆಚ್ಚೂಕಮ್ಮಿ 0.1 ಮಿಲಿಮೀಟರ್ ದಪ್ಪ. ಅಚ್ಚು ಮಸುಕಾಗಲು ಅಷ್ಟು ವ್ಯತ್ಯಾಸವೂ ಬೇಡ, ಅದರ ಅರ್ಧ ಸಾಕು. ನಾವು ಹುಡುಕುತ್ತಿರುವ ಕಳ್ಳ ಅಷ್ಟು ಸಣ್ಣವನು.

ಕಾಗದ ಏನು ಹೇಳುತ್ತಿದೆ?

‘ಸರಿಯಾಗಿ ಬರ್ತಿಲ್ಲ’ ಅನ್ನುವ ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆ ಇರಬಹುದು. ಔಷಧಿ ಒಂದಕ್ಕೊಂದು ಸಂಬಂಧವೇ ಇಲ್ಲ. ಅದಕ್ಕೇ ಮೊದಲು ಹತ್ತು ತಾವು ಹೊಡೆಯಿರಿ, ಸುಮ್ನೆ ಹೊಡೆಯಿರಿ, ಏನನ್ನೂ ಸರಿ ಮಾಡಲು ಹೋಗಬೇಡಿ. ಪ್ರತಿ ತಾವನ್ನು ಪ್ಲೇಟನ್‌ನಿಂದ ತೆಗೆಯುವ ಮೊದಲೇ ಪ್ಲೇಟನ್ ತಿರುಗುವ ಕೀಲಿನ ಕಡೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಕೀಲಿನ ಕಡೆ’ ಅಂತ ಗುರುತು ಹಾಕಿ, ನಂಬರ್ ಬರೆಯಿರಿ. ಇದು ಬಿಟ್ಟರೆ ಆಮೇಲೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಲೆ ಕೆಟ್ಟುಹೋಗುತ್ತದೆ.

ಈಗ ತಾವುಗಳನ್ನು ಕಿಟಕಿ ಹತ್ತಿರ ಒಯ್ದು, ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು, ಹಿಂಬದಿ ನೋಡಿ. ಮುಂಬದಿಯಲ್ಲಿ ಶಾಯಿ ಇದೆ, ಅದು ಕಣ್ಣಿಗೆ ಮೋಸ ಮಾಡುತ್ತದೆ. ಹಿಂಬದಿಯಲ್ಲಿ ಕಾಣುವುದು ಬರೀ ಒತ್ತಡ. ಮುಂದೆ ಒಂದು ಕಡೆ ಮಸುಕು, ಹಿಂದೆ ಉಬ್ಬು ಎಲ್ಲ ಕಡೆ ಒಂದೇ ಥರ ಇದೆ ಅಂದರೆ ಒತ್ತಡ ಸರಿಯಿದೆ, ತಪ್ಪು ರೋಲರಿನದು. ಹಿಂದೆಯೂ ಒಂದು ಕಡೆ ಉಬ್ಬು ಜಾಸ್ತಿ, ಇನ್ನೊಂದು ಕಡೆ ನಯ ಅಂದರೆ ಆಗ ಒತ್ತಡದ ಸಮಸ್ಯೆ.

ಒಂದೆರಡು ಅಕ್ಷರ ಮಾತ್ರ ಮಸುಕಾಗಿದ್ದು ಅಕ್ಕಪಕ್ಕದವು ಚೆನ್ನಾಗಿದ್ದರೆ ಮೆಷಿನ್ ನಿರಪರಾಧಿ. ಆ ಮೊಳೆಗಳು ಸವೆದಿವೆ, ಇಲ್ಲ ಸರಿಯಾಗಿ ಕೂತಿಲ್ಲ. ಕನ್ನಡ ಮೊಳೆಯಲ್ಲಿ ಇದನ್ನು ಮೊದಲು ಹೇಳುವುದು ಒತ್ತಕ್ಷರ. ಅದರ ಸಣ್ಣ ಬಾಲ ಬಿಟ್ಟುಹೋಗಿ ‘ಅಮ್ಮ’ ಹೋಗಿ ‘ಅಮ’ ಆಗಿರುತ್ತದೆ.

ಅಕ್ಷರದ ಅಂಚಿಗೆ ನೆರಳಿನ ಹಾಗೆ ಇನ್ನೊಂದು ಗೆರೆ ಬಿದ್ದಿದ್ದರೆ ಏನೋ ಜಾರುತ್ತಿದೆ, ಅಥವಾ ರೋಲರ್ ಮೊಳೆಯ ಪಕ್ಕಕ್ಕೂ ಶಾಯಿ ಬಳಿಯುತ್ತಿದೆ. ಅಚ್ಚು ಚೆನ್ನಾಗಿದೆ, ಆದರೆ ಒಂದೊಂದು ತಾವಿನಲ್ಲಿ ಒಂದೊಂದು ಜಾಗಕ್ಕೆ ಬಿದ್ದಿದೆ ಅಂದರೆ ಕಾಗದ ಕೂರಿಸುವ ಪಿನ್ನುಗಳ ಕಡೆ ಹೋಗಬೇಕು.

ಮೇಜು, ಬೆಡ್, ಚೇಸ್

ಮೇಜಿನಿಂದ ಶುರುಮಾಡಿ. ನಗಬೇಡಿ. ಮೇಜಿನ ಹಲಗೆ ಸೊಟ್ಟಗಿದ್ದು, ಪ್ರೆಸ್ಸಿನ ಕಾಲುಗಳನ್ನು ಬೋಲ್ಟ್ ಹಾಕಿ ಎಳೆದು ಬಿಗಿದಿದ್ದರೆ ಇಡೀ ಮೈ ತಿರುಚಿಕೊಂಡಿರುತ್ತದೆ. ಬೋಲ್ಟುಗಳನ್ನು ಸಡಿಲ ಮಾಡಿ. ಯಾವ ಕಾಲಾದರೂ ಮೇಲೆದ್ದರೆ ಅದರ ಅಡಿಗೆ ತೆಳು ತಗಡೋ ರಟ್ಟೋ ಕೊಡಿ, ಆಮೇಲೆ ಬಿಗಿಯಿರಿ. ಕೆಲ್ಸಿ, ಪೈಲಟ್ ಥರದವುಗಳ ಮೈ ಎರಕದ ಕಬ್ಬಿಣ. ಅದು ಬಗ್ಗುವ ಜಾತಿಯಲ್ಲ, ಜೋರು ಮಾಡಿದರೆ ಸೀಳುತ್ತದೆ.

ಆಮೇಲೆ ಚೇಸ್ ತೆಗೆದು ಬೆಡ್ ಒರೆಸಿ. ಸೀಮೆಎಣ್ಣೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಪೇಂಟ್ ಅಂಗಡಿಯ ಟರ್ಪಂಟೈನ್ ಸಾಕು. ಒರೆಸಿದ ಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಚೇಸಿನ ಹಿಂಬದಿಯನ್ನೂ ಹೀಗೇ ನೋಡಿ. ಎಂದೋ ಕೆಳಗೆ ಬಿದ್ದ ಚೇಸಿನ ಮೂಲೆಯಲ್ಲಿ ಲೋಹ ಎದ್ದಿರುತ್ತದೆ. ನಯವಾದ ಅರದಿಂದ ಎರಡು ಸಲ ಸವರಿದರೆ ಹೋಗುತ್ತದೆ. ಚೇಸನ್ನು ವಾಪಸು ಇಟ್ಟಾಗ ಅದು ಕೆಳಗೆ ಪೂರ್ತಿ ಕೂತಿದೆಯಾ, ಮೇಲಿನ ಹಿಡಿಕೆ ಅದನ್ನು ಗಟ್ಟಿಯಾಗಿ ಹಿಡಿದಿದೆಯಾ ನೋಡಿ. ನಾಲ್ಕು ಮೂಲೆಗೂ ಹೆಬ್ಬೆರಳು ಒತ್ತಿ. ಎಲ್ಲಾದರೂ ‘ಟಿಕ್’ ಅಂದರೆ ಅಲ್ಲಿ ಸಂದಿ ಇದೆ.

ಮೊಳೆ ಬಿಗಿಯುವ ಕಲೆ

ಸಮತಟ್ಟಾದ ಕಲ್ಲು ಬೇಕು. ಹಳೆ ಪ್ರೆಸ್ಸುಗಳಲ್ಲಿ ಇದಕ್ಕೇ ಅಂತ ಕಲ್ಲಿನ ಮೇಜು ಇರುತ್ತಿತ್ತು. ನಮಗೆ ಅಡುಗೆಮನೆ ಕಟ್ಟೆಯ ಗ್ರಾನೈಟ್ ತುಂಡು ಧಾರಾಳ ಸಾಕು. ಕಲ್ಲಂಗಡಿಯಲ್ಲಿ ಉಳಿಕೆ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಮನೆಯಲ್ಲಿರುವ ಕಟ್ಟೆಯನ್ನೇ ಬಳಸಬೇಡಿ, ಮೊಳೆಯಲ್ಲಿ ಸೀಸ ಇದೆ. ಮೊಳೆ ಮುಟ್ಟಿದ ಕೈಯಲ್ಲಿ ಊಟ-ತಿಂಡಿಯೂ ಬೇಡ.

ಕಲ್ಲು ಒರೆಸಿ ಚೇಸ್ ಇಡಿ. ಮೊಳೆ, ಫರ್ನಿಚರ್, ಕ್ವಾಯ್ನ್ ಎಲ್ಲ ಜೋಡಿಸಿ. ಕ್ವಾಯ್ನ್ ಅನ್ನು ಬೆರಳಿನಲ್ಲಿ ತಿರುಗುವಷ್ಟೇ ಬಿಗಿಯಿರಿ. ನಯವಾದ ಮರದ ಹಲಗೆಯೊಂದನ್ನು ಮೊಳೆಗಳ ಮುಖದ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮೇಲೆದ್ದ ಮೊಳೆಗಳು ಕೆಳಗಿಳಿದು ಕಲ್ಲಿಗೆ ಕೂರುತ್ತವೆ. ಆಮೇಲೆ ಕ್ವಾಯ್ನ್ ಅನ್ನು ಕೀಲಿಯಿಂದ ಸ್ವಲ್ಪ ಬಿಗಿಯಿರಿ. ಪೂರ್ತಿ ಬಿಗಿದ ಮೇಲೆ ಹಲಗೆಯಿಂದ ತಟ್ಟಬೇಡಿ. ಆಗ ಮೊಳೆ ಇಳಿಯುವುದಿಲ್ಲ, ಅದರ ಮುಖ ಕೆಡುತ್ತದೆ.

ಎಷ್ಟು ಬಿಗಿಯಬೇಕು? ಹೊಸಬರೆಲ್ಲ ತಪ್ಪುವುದು ಇಲ್ಲೇ. ಬಿದ್ದುಬಿಟ್ಟರೆ ಅಂತ ಹೆದರಿ ಕೈಲಾದಷ್ಟೂ ಬಿಗಿಯುತ್ತಾರೆ. ಜಾಸ್ತಿ ಬಿಗಿದರೆ ನಡುವಿನ ಮೊಳೆಗಳು ಬಿಲ್ಲಿನ ಹಾಗೆ ಮೇಲಕ್ಕೆ ಉಬ್ಬುತ್ತವೆ. ಅಚ್ಚಿನಲ್ಲಿ ನಡುವೆ ಕಪ್ಪು, ಅಂಚಿನಲ್ಲಿ ಮಸುಕು. ಪ್ರೆಸ್ಸೇ ಸೊಟ್ಟ ಅನ್ನಿಸುತ್ತದೆ. ಪರೀಕ್ಷೆ ಸುಲಭ: ಚೇಸಿನ ಒಂದು ಮೂಲೆಯ ಅಡಿ ಕ್ವಾಯ್ನ್ ಕೀಲಿಯನ್ನು ತೂರಿಸಿ ಚೇಸನ್ನು ಸ್ವಲ್ಪ ಎತ್ತಿಡಿ. ಬೆರಳಿನಿಂದ ಮೊಳೆಗಳನ್ನು ಅಲ್ಲಲ್ಲಿ ಒತ್ತಿ. ಯಾವುದೂ ಕೆಳಗಿಳಿಯದಿದ್ದರೆ ಬಿಗಿ ಸಾಕು. ಯಾವುದಾದರೂ ಸಾಲು ಇಳಿದರೆ ಕ್ವಾಯ್ನ್ ಇನ್ನೂ ಬಿಗಿಯಲು ಹೋಗಬೇಡಿ. ಆ ಸಾಲಿನ ಉದ್ದ ಪಕ್ಕದ ಸಾಲಿಗಿಂತ ಕಡಿಮೆ ಇದೆ. ಬಿಚ್ಚಿ, ತೆಳು ಸ್ಪೇಸ್ (ಅಕ್ಷರಗಳ ನಡುವೆ ಜಾಗ ಬಿಡಲು ಇಡುವ ಲೋಹದ ತುಂಡು) ಸೇರಿಸಿ.

ಮಳೆಗಾಲದಲ್ಲಿ ಮರದ ಫರ್ನಿಚರ್ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಸೊರಗುತ್ತದೆ. ರಾತ್ರಿ ಬಿಗಿದಿಟ್ಟ ಚೇಸ್ ಬೆಳಿಗ್ಗೆ ಸಡಿಲವಾಗಿರುವುದು ಹೀಗೆ. ಮರದ ಮೇಲೆ ಹೊಡೆದ ಹಳೆ ಸತುವಿನ ಬ್ಲಾಕುಗಳದ್ದೂ ಅದೇ ಕಥೆ. ಮರ ಸೊಟ್ಟಗಾಗಿ ಒಂದು ಮೂಲೆ ಮೇಲೆದ್ದಿರುತ್ತದೆ. ಬ್ಲಾಕನ್ನು ಕಲ್ಲಿನ ಮೇಲಿಟ್ಟು ಎದುರುಬದುರು ಮೂಲೆ ಒತ್ತಿ. ಅಲ್ಲಾಡಿದರೆ ಅದರ ಅಡಿಗೆ ಕಾಗದದ ಚೂರು ಅಂಟಿಸಿ ಸರಿ ಮಾಡಿ. ಈಗಿನ ಪಾಲಿಮರ್ ಪ್ಲೇಟ್ ಬಳಸುವವರು ಪ್ಲೇಟ್, ಅಂಟು, ಅಡಿಯ ಲೋಹ ಮೂರೂ ಸೇರಿ 23.32 ಮಿಲಿಮೀಟರ್ ಬರುತ್ತದೆಯಾ ಅಂತ ಕ್ಯಾಲಿಪರ್ ಹಿಡಿದು ನೋಡಲೇಬೇಕು.

ಪ್ಯಾಕಿಂಗ್: ಬಹಳ ಸಲ ಕಳ್ಳ ಇಲ್ಲೇ

ಕಪ್ಪೆಚಿಪ್ಪಿನ ಥರದ ಪ್ರೆಸ್ಸಿನ ಒಂದು ಗುಣ ಅರ್ಥವಾದರೆ ಅರ್ಧ ತೊಂದರೆ ತಾನೇ ಹೋಗುತ್ತದೆ. ಪ್ಲೇಟನ್ ಒಂದು ಬದಿಯ ಕೀಲಿನ ಮೇಲೆ ತಿರುಗಿ ಬಂದು ಮುಚ್ಚುತ್ತದೆ. ಬೆಡ್‌ಗೆ ಸರಿಸಮನಾಗಿ ನಿಲ್ಲುವುದು ಕೊನೆಯ ಗಳಿಗೆಯಲ್ಲಿ ಮಾತ್ರ, ಅದೂ ನಡುವಿನ ದಪ್ಪ ಸರಿಯಾಗಿದ್ದರೆ. ದಪ್ಪ ಪುಸ್ತಕವೊಂದನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿ ನೋಡಿ. ಕೀಲಿನ ಕಡೆ ಮೊದಲು ಹಿಡಿದುಕೊಳ್ಳುತ್ತದೆ, ಆಚೆ ತುದಿ ತೆರೆದೇ ಇರುತ್ತದೆ. ಇಲ್ಲೂ ಹಾಗೇ. ಪ್ಯಾಕಿಂಗ್ ಜಾಸ್ತಿಯಾದರೆ ಕೀಲಿನ ಕಡೆ ಅಚ್ಚು ಆಳ, ಆಚೆ ಅಂಚು ಮಸುಕು.

ಆಚೆ ಅಂಚು ಮಸುಕಾಗಿದೆ ಅಂತ ಇನ್ನೊಂದು ತಾವು ಸೇರಿಸಿದರೆ? ಇನ್ನೂ ಹದಗೆಡುತ್ತದೆ. ಆದರೂ ಎಲ್ಲರೂ ಮಾಡುವುದು ಅದನ್ನೇ. ನಾನೂ ಮಾಡಿದ್ದೇನೆ, ಹನ್ನೊಂದು ತಾವಿನವರೆಗೆ ಹೋಗಿದ್ದೆ.

ಹಾಗಾಗಿ ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ಶುರು ಮಾಡಿ. ಒಂದು ಗಟ್ಟಿ ನಯವಾದ ರಟ್ಟು, ಮೂರು ತಾವು ಸಾದಾ ಕಾಗದ, ಮೇಲೆ ಬಿಗಿಯಾಗಿ ಎಳೆದ ಟಿಂಪನ್. ಎಣ್ಣೆ ಹಾಕಿದ ಅಸಲಿ ಟಿಂಪನ್ ಕಾಗದ ಸಿಗದಿದ್ದರೆ ನಯವಾದ ಗಟ್ಟಿ ಬ್ರೌನ್ ಪೇಪರ್ ನಡೆಯುತ್ತದೆ. ಸಡಿಲ ಬೇಡ, ಬೆರಳಿನಿಂದ ಮೀಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಕೆಲವರು ಮೆತ್ತಗಿರಲಿ ಅಂತ ನ್ಯೂಸ್‌ಪೇಪರ್, ಬಟ್ಟೆ ತುಂಬುತ್ತಾರೆ. ಮೆತ್ತನೆ ಪ್ಯಾಕಿಂಗ್ ತಪ್ಪುಗಳನ್ನು ಮುಚ್ಚಿಡುತ್ತದೆ, ಮೊಳೆಯ ಅಂಚನ್ನೂ ಬೇಗ ಸವೆಸುತ್ತದೆ. ಪರೀಕ್ಷೆ ಮಾಡುವಾಗಂತೂ ಗಟ್ಟಿ ಪ್ಯಾಕಿಂಗೇ ಇರಲಿ.

ಈಗ ಒಂದು ಎಳೆತ. ಎಲ್ಲ ಕಡೆ ಮಸುಕಾಗಿದ್ದರೆ ಒಂದು ತಾವು ಸೇರಿಸಿ. ಕೀಲಿನ ಕಡೆ ಮಾತ್ರ ಆಳವಾಗಿದ್ದರೆ ಒಂದು ತಾವು ತೆಗೆಯಿರಿ. ಎಡ-ಬಲ ವ್ಯತ್ಯಾಸವಿದ್ದರೆ ಪ್ಯಾಕಿಂಗ್‌ನಿಂದ ಅದು ಸರಿಹೋಗುವುದಿಲ್ಲ, ಅದನ್ನು ತಿರುಪಿಗೆ ಬಿಡಿ.

ಇಲ್ಲೊಂದು ಮಾತು. ಈಗ ಮದುವೆ ಕಾರ್ಡುಗಳಲ್ಲಿ ಅಕ್ಷರ ಗುಂಡಿಯಷ್ಟು ಆಳಕ್ಕೆ ಇಳಿದಿರಬೇಕು ಅನ್ನುವ ಶೋಕಿ ಬಂದಿದೆ. ಹಳೆ ಪ್ರೆಸ್ಸಿನವರು ಅಂಥ ಅಚ್ಚನ್ನು ವಾಪಸು ಕಳಿಸುತ್ತಿದ್ದರು. ಕಾಗದದ ಹಿಂದೆ ಉಬ್ಬು ಕಾಣಬಾರದು ಅನ್ನುವುದೇ ಅವರ ಮರ್ಯಾದೆ. ನಿಮ್ಮಿಷ್ಟ. ಆದರೆ ಸಣ್ಣ ಟೇಬಲ್ ಪ್ರೆಸ್ಸಿನಲ್ಲಿ ಪೂರ್ತಿ 8 ಇಂಚು ಅಗಲಕ್ಕೆ ಅಕ್ಷರ ತುಂಬಿ ಆಳ ಒತ್ತು ಅಂದರೆ ಅದರ ತೋಳಿಗೆ ಅಷ್ಟು ಬಲವಿಲ್ಲ. ಒಂದೆರಡು ಸಾಲಿನ ವಿಸಿಟಿಂಗ್ ಕಾರ್ಡ್ ಆದರೆ ಸರಿ.

ರೋಲರ್

ರೋಲರ್ ಒತ್ತಡದ ತಪ್ಪಿನ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೇ ತಿರುಪಿಗೆ ಮುಂಚೆ ಇದನ್ನು ಮುಗಿಸಬೇಕು.

ರೋಲರ್ ಮೊಳೆಯ ಮುಖವನ್ನು ಸವರಿ ಹೋಗಬೇಕು, ಒತ್ತಿ ಹೋಗಬಾರದು. ನೋಡುವುದು ಹೀಗೆ. ಮೊಳೆಯಷ್ಟೇ ಎತ್ತರದ, ಮುಖ ಅಗಲವಿರುವ ಲೋಹದ ತುಂಡನ್ನು ಚೇಸಿನಲ್ಲಿ ಬಿಗಿಯಿರಿ. ದೊಡ್ಡ ಸೈಜಿನ ಒಳ್ಳೆ ಮೊಳೆಯೂ ಆದೀತು. ಶಾಯಿ ಹಚ್ಚಿದ ರೋಲರನ್ನು ಅದರ ಮೇಲೆ ಮೆಲ್ಲಗೆ ತಂದು ನಿಲ್ಲಿಸಿ, ಉರುಳಿಸದೆ ಎತ್ತಿ. ಬಿದ್ದ ಶಾಯಿಯ ಪಟ್ಟಿ ಸುಮಾರು 3 ಮಿಲಿಮೀಟರ್ ಅಗಲ ಇರಬೇಕು. ಅದಕ್ಕಿಂತ ತುಂಬಾ ಅಗಲವಿದ್ದರೆ ರೋಲರ್ ಕೆಳಗಿದೆ. ಮೊಳೆಯ ಪಕ್ಕಕ್ಕೆಲ್ಲ ಶಾಯಿ ಮೆತ್ತಿ ಅಕ್ಷರಕ್ಕೆ ನೆರಳು ಬರುತ್ತದೆ. ಪಟ್ಟಿ ಗೆರೆಯಷ್ಟು ತೆಳುವಿದ್ದರೆ, ಅಥವಾ ಬೀಳದೇ ಹೋದರೆ ರೋಲರ್ ಮೇಲಿದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಜಾಗದಲ್ಲೂ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ತೆಳು ಅಂದರೆ ‘ಒಂದು ಮೂಲೆ ಮಸುಕು’ ಅನ್ನುವ ದೂರಿಗೆ ಕಾರಣ ಸಿಕ್ಕಿತು.

ರೋಲರ್ ಕೆಳಗಿದ್ದರೆ ಅದರ ಚಕ್ರ ಓಡುವ ಹಳಿಯ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಒಂದು ಪದರ ಹಾಕಿ ನೋಡಿ, ಬೇಕಾದರೆ ಇನ್ನೊಂದು. ಹಳಿ ನಡುವೆ ಸವೆದಿದ್ದರೆ ಸವೆದಷ್ಟು ಜಾಗಕ್ಕೆ ಮಾತ್ರ ಹಾಕಿ. ನೋಡಲು ಕಚ್ಚಾ ಕೆಲಸ, ಆದರೆ ಬೇಡವಾದಾಗ ಕಿತ್ತು ಹಾಕಬಹುದು. ರೋಲರ್ ಮೇಲಿದ್ದರೆ ಮೊದಲು ಹಳಿಯ ಕೊಳೆ ತೆಗೆಯಿರಿ, ಅಲ್ಲಿ ಶಾಯಿ ಪದರ ಕಟ್ಟಿರುತ್ತದೆ. ಆಮೇಲೂ ಮೇಲಿದ್ದರೆ ರೋಲರ್ ಸೊರಗಿದೆ ಅಂತ ಅರ್ಥ.

ರೋಲರಿನ ಚಕ್ರ ಮತ್ತು ರೋಲರ್ ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ರೋಲರ್ ಉರುಳುವ ಬದಲು ಜಾರುತ್ತದೆ. ಚಕ್ರ ತಿರುಗದೆ ಎಳೆದುಕೊಂಡು ಹೋದರೂ ಅಷ್ಟೇ. ಹಳಿ ಮೇಲೆ ಎಣ್ಣೆ ಬಿದ್ದಿದೆಯಾ ನೋಡಿ. ಹಳಿಗೆ ಎಣ್ಣೆ ಹಾಕಬಾರದು.

ಹಳೆ ಪ್ರೆಸ್ಸಿನ ಜೊತೆ ಬರುವ ರೋಲರುಗಳು ಕೆಲವೊಮ್ಮೆ ಅಂಟು ಮತ್ತು ಕಾಕಂಬಿ, ಇಲ್ಲ ಗ್ಲಿಸರಿನ್ ಸೇರಿಸಿ ಎರಕ ಹೊಯ್ದವು. ಬೇಸಿಗೆಯ ಬಿಸಿಗೆ ಮೆತ್ತಗಾಗುತ್ತವೆ, ಒಂದೇ ಜಾಗದಲ್ಲಿ ನಿಂತರೆ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಅಂಥವನ್ನು ಸರಿ ಮಾಡುತ್ತಾ ಕೂರುವುದು ದಂಡ. ರಬ್ಬರ್ ರೋಲರ್ ಮಾಡಿಸಿ. ಮಾಡಿಸುವಾಗ ಹಳೆಯದರ ಅಳತೆ ಕೊಡಬೇಡಿ, ಅದು ಸೊರಗಿರುತ್ತದೆ. ಚಕ್ರದ ಅಳತೆ ಕೊಡಿ.

ಕೀಲು ಸಡಿಲವೇ?

ಪ್ಲೇಟನ್ ಅರ್ಧ ತೆರೆದಿಟ್ಟು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ-ಬಲಕ್ಕೆ ಅಲ್ಲಾಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಸದ್ದು ಬರುವಷ್ಟು, ಕಣ್ಣಿಗೆ ಕಾಣುವಷ್ಟು ಇದ್ದರೆ ಕೀಲಿನ ತೂತು ಸವೆದು ಮೊಟ್ಟೆಯಾಕಾರ ಆಗಿದೆ. ಇಂಥ ಪ್ರೆಸ್ಸಿನಲ್ಲಿ ಒಂದು ಅಚ್ಚು ಒಂದು ಥರ, ಇನ್ನೊಂದು ಇನ್ನೊಂದು ಥರ ಬರುತ್ತದೆ. ತಿರುಪು ತಿರುಗಿಸಿ ಪ್ರಯೋಜನವಿಲ್ಲ. ಲೇತ್ ವರ್ಕ್‌ಶಾಪಿಗೆ ಒಯ್ದು ತೂತು ದೊಡ್ಡದು ಮಾಡಿಸಿ ಗನ್‌ಮೆಟಲ್ ಬುಷ್ ಹಾಕಿಸಬೇಕು. ಎರಡೂ ಬದಿಗೆ ಒಟ್ಟಿಗೆ ಮಾಡಿಸಿ. ಒಂದೇ ಬದಿಗೆ ಮಾಡಿಸಿದರೆ ಹೊಸ ಸೊಟ್ಟ ಹುಟ್ಟುತ್ತದೆ. ಅದಕ್ಕೂ ಮುಂಚೆ ಎಣ್ಣೆ ತೂತುಗಳಲ್ಲಿ ಗಟ್ಟಿಯಾದ ಹಳೆ ಎಣ್ಣೆ ತೆಗೆದು ಹೊಸ ಮೆಷಿನ್ ಎಣ್ಣೆ ಬಿಟ್ಟು ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಸುಮ್ಮನಾಗುತ್ತದೆ.

ಈಗ ತಿರುಪು

ಇಲ್ಲಿಯವರೆಗೆ ಎಲ್ಲ ನೋಡಿಯೂ ಕಾಗದದ ಹಿಂಬದಿ ಒಂದು ಕಡೆ ಉಬ್ಬು, ಒಂದು ಕಡೆ ನಯ ಇದ್ದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ಒತ್ತಡದ ತಿರುಪುಗಳು ಕೆಲವು ಮಾದರಿಯಲ್ಲಿ ಬೆಡ್ ಹಿಂದೆ ಇರುತ್ತವೆ, ಪೈಲಟ್‌ನಲ್ಲಿ ಪ್ಲೇಟನ್ ಹಿಂದೆ. ಎಲ್ಲಿದ್ದರೂ ಕ್ರಮ ಒಂದೇ.

ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಳಿ ಮಾರ್ಕರಿನಿಂದ ತಿರುಪಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಗೆರೆ ಎಳೆಯಿರಿ. ದಾರಿ ತಪ್ಪಿದರೆ ವಾಪಸು ಬರಲು ಇದೇ ಗುರುತು.

ಚೇಸಿನ ನಾಲ್ಕು ಮೂಲೆಗೆ ಒಂದೇ ಅಕ್ಷರದ, ಒಂದೇ ಸೈಜಿನ, ಸವೆಯದ ನಾಲ್ಕು ಮೊಳೆ ಬಿಗಿಯಿರಿ. ನಾನು 24 ಪಾಯಿಂಟಿನ ‘ಠ’ ಇಡುತ್ತೇನೆ, ದುಂಡಗಿರುವುದರಿಂದ ಯಾವ ಕಡೆ ಬಿಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ರೋಲರ್ ತೆಗೆದಿಡಿ, ಶಾಯಿ ಬೇಡ. ಪಿನ್ನುಗಳೂ ಕಾಗದ ಒತ್ತಿ ಹಿಡಿಯುವ ಗ್ರಿಪ್ಪರ್‌ಗಳೂ ಮೊಳೆಗೆ ಎದುರಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಾಗದದ ನಾಲ್ಕು ಕಿರುಪಟ್ಟಿ ಕತ್ತರಿಸಿ ಒಂದೊಂದು ಮೊಳೆಯ ಎದುರಿಗೆ ಒಂದೊಂದು ಇಳಿಬಿಟ್ಟು, ಹಿಡಿಯನ್ನು ಮೆಲ್ಲಗೆ ಕೊನೆಯವರೆಗೆ ಎಳೆದು ಹಾಗೇ ಹಿಡಿಯಲು ಯಾರಿಗಾದರೂ ಹೇಳಿ. ನೀವು ಪಟ್ಟಿಗಳನ್ನು ಒಂದೊಂದಾಗಿ ಎಳೆಯಿರಿ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ನೋಡುವಾಗ ಫೀಲರ್ ಗೇಜ್ ಅನ್ನುವ ತೆಳು ಪಟ್ಟಿ ಎಳೆದು ನೋಡುತ್ತಾನಲ್ಲ, ಅದೇ ಅನುಭವ. ಸಲೀಸಾಗಿ ಬಂದರೆ ಅಲ್ಲಿ ಒತ್ತಡ ಕಡಿಮೆ. ಹರಿದರೆ ಜಾಸ್ತಿ. ನಾಲ್ಕೂ ಒಂದೇ ಥರ ಬಿಗಿಯಾಗಿ ಬರಬೇಕು.

ಈಗ ತಿರುಪು ಅಲುಗದಂತೆ ಹಿಡಿದಿರುವ ಲಾಕ್ ನಟ್ ಸಡಿಲ ಮಾಡಿ. ಒತ್ತಡ ಜಾಸ್ತಿ ಇರುವ ಮೂಲೆಯನ್ನು ಹಿಂದಕ್ಕೆ ತನ್ನಿ. ಕಡಿಮೆ ಇರುವುದನ್ನು ಮುಂದಕ್ಕೆ ತರುವುದಕ್ಕಿಂತ ಇದು ಕ್ಷೇಮ, ಮೊಳೆ ಉಳಿಯುತ್ತದೆ. ಎಷ್ಟು ತಿರುಗಿಸಬೇಕು? ಒಂದು ಪೂರ್ತಿ ಸುತ್ತಿಗೆ ತಿರುಪು 1 ಮಿಲಿಮೀಟರ್ ಸರಿಯುತ್ತದೆ ಅಂದುಕೊಂಡರೆ ಕಾಲು ಸುತ್ತಿಗೆ ಕಾಲು ಮಿಲಿಮೀಟರ್, ಅಂದರೆ ಎರಡೂವರೆ ತಾವು ಕಾಗದ! ಹಾಗಾಗಿ ಕಾಲು ಸುತ್ತೂ ಜಾಸ್ತಿ. ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಸಾಕು. ತಿರುಗಿಸಿ, ನಟ್ ಬಿಗಿಯಿರಿ, ಮತ್ತೆ ಪಟ್ಟಿ ಎಳೆಯಿರಿ. ನಟ್ ಬಿಗಿಯುವಾಗಲೂ ತಿರುಪು ಸ್ವಲ್ಪ ಸರಿಯುತ್ತದೆ, ಅದಕ್ಕೇ ನಟ್ ಬಿಗಿಯದೆ ಪರೀಕ್ಷೆ ಮಾಡಿದರೆ ಲೆಕ್ಕಕ್ಕಿಲ್ಲ.

ನಾಲ್ಕು ತಿರುಪಿನಲ್ಲಿ ಒಂದು ತಮಾಷೆ ಇದೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದು ಅಲ್ಲಾಡುತ್ತದೆ. ಮೂರು ತಿರುಪು ಸೇರಿ ಸಮತಲ ನಿರ್ಧಾರ ಮಾಡಿಬಿಡುತ್ತವೆ. ನಾಲ್ಕನೆಯದು ಬರೀ ಆಸರೆ. ನಾಲ್ಕೂ ಜಗಳಕ್ಕೆ ನಿಂತರೆ ಹಲಗೆ ತಿರುಚಿಕೊಳ್ಳುತ್ತದೆ, ಎದುರುಬದುರು ಎರಡು ಮೂಲೆ ಕಪ್ಪು, ಉಳಿದೆರಡು ಮಸುಕು ಬರುತ್ತದೆ. ಹಾಗಾದರೆ ಒಂದನ್ನು ಪೂರ್ತಿ ಸಡಿಲ ಮಾಡಿ, ಮೂರರಲ್ಲಿ ಸರಿ ಮಾಡಿಕೊಂಡು, ಕೊನೆಗೆ ನಾಲ್ಕನೆಯದನ್ನು ತಾಗುವಷ್ಟು ಮಾತ್ರ ತನ್ನಿ.

ಪಟ್ಟಿಯಲ್ಲಿ ಸರಿಬಂದ ಮೇಲೆ ಶಾಯಿ ಹಾಕಿ ಅಚ್ಚು ತೆಗೆಯಿರಿ. ಇನ್ನೂ ಒಂದು ಕಡೆ ಕೂದಲೆಳೆಯಷ್ಟು ಮಸುಕಿದ್ದರೆ ತಿರುಪು ಬಿಡಿ. ಟಿಂಪನ್ ಅಡಿ ಆ ಜಾಗಕ್ಕೆ ಟಿಶ್ಯೂ ಕಾಗದದ ಚೂರು ಅಂಟಿಸಿ, ಅಂಚುಗಳನ್ನು ಕತ್ತರಿಸದೆ ಹರಿಯಿರಿ. ಹರಿದ ಅಂಚು ತೆಳುವಾಗಿ ಮುಗಿಯುವುದರಿಂದ ಅಚ್ಚಿನಲ್ಲಿ ಗೆರೆ ಬೀಳುವುದಿಲ್ಲ.

ಅಚ್ಚು ಸರಿ, ಜಾಗ ಸರಿಯಿಲ್ಲ

ಕಾಗದ ಸರಿಯಾಗಿ ಕೂರಿಸಲು ಮೂರು ಆಸರೆ ಬೇಕು. ಉದ್ದದ ಅಂಚಿಗೆ ಎರಡು ಪಿನ್, ಪಕ್ಕದ ಅಂಚಿಗೆ ಒಂದು. ಎರಡು ಪಿನ್ ತೀರಾ ಹತ್ತಿರ ಇದ್ದರೆ ಕಾಗದ ಓಲಾಡುತ್ತದೆ.

ಸಾಲು ಕಾಗದದ ಅಂಚಿಗೆ ಓರೆ ಬಂದರೆ ಚೇಸ್ ಬಿಚ್ಚಬೇಡಿ, ಪಿನ್ ಸರಿಸಿ. ಸುಲಭದ ದಾರಿ: ಟಿಂಪನ್ ಮೇಲೇ ನೇರವಾಗಿ ಒಂದು ಅಚ್ಚು ಹೊಡೆಯಿರಿ. ಅದರ ಸಾಲಿಗೆ ಸಮನಾಗಿ ಸ್ಕೇಲಿನಿಂದ ಗೆರೆ ಎಳೆದು, ಬೇಕಾದ ಅಂಚು ಅಳೆದು ಪಿನ್ ಚುಚ್ಚಿ. ಆ ಹಸಿ ಅಚ್ಚನ್ನು ಒರೆಸಿ ಮೇಲೆ ಚೂರು ಪೌಡರ್ ಹಾಕಿ, ಇಲ್ಲದಿದ್ದರೆ ಮುಂದಿನ ತಾವುಗಳ ಹಿಂಬದಿ ಕಪ್ಪಾಗುತ್ತದೆ. ಆಮೇಲೆ ಪಿನ್ ಮೊಳೆಗೆ ತಾಗುವುದಿಲ್ಲ ಅಂತ ಇನ್ನೊಮ್ಮೆ ಮೆಲ್ಲಗೆ ಮುಚ್ಚಿ ನೋಡಿ.

ಜಾಗ ತಾವಿನಿಂದ ತಾವಿಗೆ ಬದಲಾಗುತ್ತಿದ್ದರೆ ಒಂದೇ ತಾವನ್ನು ತೆಗೆದು ಮತ್ತೆ ಇಟ್ಟು ಎರಡು ಸಲ ಹೊಡೆಯಿರಿ. ಎರಡೂ ಅಚ್ಚು ಒಂದರ ಮೇಲೊಂದು ಕೂತರೆ ಪ್ರೆಸ್ ಸರಿಯಿದೆ, ಕಾಗದ ಕತ್ತರಿಸಿದ್ದು ಸೊಟ್ಟ. ಆಗ ಎಲ್ಲ ತಾವುಗಳ ಒಂದೇ ಮೂಲೆಗೆ ಪೆನ್ಸಿಲ್ ಗುರುತು ಹಾಕಿ, ಆ ಮೂಲೆಯೇ ಪಿನ್ನಿಗೆ ಬರುವ ಹಾಗೆ ಇಡಿ. ಎರಡು ಬಣ್ಣದ ಕೆಲಸಕ್ಕೆ ಇದು ಬೇಕೇ ಬೇಕು. ಅಚ್ಚು ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುತ್ತಾ ಹೋದರೆ ಪಿನ್ ಸಡಿಲವಾಗುತ್ತಿದೆ, ಇಲ್ಲ ಟಿಂಪನ್ ಜಾರುತ್ತಿದೆ. ಪಿನ್ನಿನ ಬುಡಕ್ಕೆ ಒಂದು ತೊಟ್ಟು ಅಂಟು ಹಾಕಿ. ಗೊತ್ತುಗುರಿಯಿಲ್ಲದೆ ಅತ್ತಿತ್ತ ಆಗುತ್ತಿದ್ದರೆ, ಕ್ಷಮಿಸಿ, ಅದು ನಿಮ್ಮ ಕೈ. ನಿಧಾನ ಮಾಡಿ.

ಅಕ್ಷರಕ್ಕೆ ನೆರಳು ಇನ್ನೂ ಹೋಗಿಲ್ಲ ಅಂದರೆ ಮುಚ್ಚುವ ಗಳಿಗೆಯಲ್ಲಿ ಕಾಗದ ಜಾರುತ್ತಿದೆ. ಗ್ರಿಪ್ಪರ್ ಎರಡೂ ಕಾಗದವನ್ನು ಚಪ್ಪಟೆಯಾಗಿ ಹಿಡಿದಿವೆಯಾ ನೋಡಿ. ಹಿಡಿಯಲು ಜಾಗವೇ ಇಲ್ಲದ ಸಣ್ಣ ಕಾರ್ಡಾದರೆ ಎರಡು ಗ್ರಿಪ್ಪರ್ ನಡುವೆ ಒಂದು ರಬ್ಬರ್ ಬ್ಯಾಂಡ್ ಅಡ್ಡ ಎಳೆಯಿರಿ, ಅಕ್ಷರ ಇಲ್ಲದ ಜಾಗದಲ್ಲಿ ಅದು ಕಾರ್ಡನ್ನು ಒತ್ತಿ ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಆ ಪ್ಯಾಕಿಂಗ್‌ನಲ್ಲಿ ಎಷ್ಟು ತಾವು ಇತ್ತು, ಹಳಿಗೆ ಎಷ್ಟು ಪದರ ಟೇಪ್ ಇತ್ತು ಅಂತ ಒಂದು ಒಳ್ಳೆ ಅಚ್ಚಿನ ಹಿಂದೆ ಬರೆದು ಪ್ರೆಸ್ ಪಕ್ಕ ನೇತುಹಾಕಿ. ರೋಲರ್ ಬಿಚ್ಚಿ ಒರೆಸಿ, ಯಾವುದಕ್ಕೂ ತಾಗದ ಹಾಗೆ ತೂಗಿಡಿ. ಪ್ಲೇಟನ್ ಮುಚ್ಚಿಡಬೇಡಿ, ತೆರೆದಿರಲಿ. ನನ್ನ ಪ್ರೆಸ್ಸಿನ ಮೇಲೆ ಒಂದು ಹಳೆ ಪಂಚೆ ಹೊದಿಸಿರುತ್ತೇನೆ. ಧೂಳಿಗಿಂತ ಜಾಸ್ತಿ, ಮನೆ ಮಕ್ಕಳ ಕೈ ಆ ನಾಲ್ಕು ತಿರುಪಿಗೆ ಹೋಗದಿರಲಿ ಅಂತ.